ಡ್ರೋನಿಗೆ ಹಾಕಿದ ಹಸಿ ಶೀಟು

ಕಡಬ ಪೇಟೆಯಲ್ಲಿ ನಮ್ಮ ಕಡೆಗೆ ಹೋಗುವ ಜೀಪು ನಿಲ್ಲುವುದು ಒಂದು ರಬ್ಬರ್ ಅಂಗಡಿಯ ಎದುರು. ಭರ್ತಿಯಾಗದೆ ಜೀಪು ಹೊರಡುವುದಿಲ್ಲ. ಹಾಗಾಗಿ ಅರ್ಧ ಗಂಟೆಯಾದರೂ ಆ ಅಂಗಡಿಯನ್ನು ನೋಡುತ್ತಾ ಕೂರಬೇಕು. ಹೋದ ವಾರ ಹಾಗೆ ಕೂತಿದ್ದಾಗ ಯಾರೋ ಒಬ್ಬರು ಸರಿಯಾಗಿ ಒಣಗದ ಶೀಟುಗಳ ಕಟ್ಟನ್ನು ತಂದು ನನ್ನ ಕಾಲಬುಡದಲ್ಲೇ ಇಳಿಸಿದರು. ಹಸಿ ರಬ್ಬರ್ ಶೀಟಿನ ವಾಸನೆ ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಹುಳಿ ಬಂದ ಹಾಲನ್ನೂ ಒದ್ದೆ ಚಪ್ಪಲಿಯನ್ನೂ ಒಂದೇ ಚೀಲದಲ್ಲಿ ಕಟ್ಟಿಟ್ಟ ಹಾಗೆ ಇರುತ್ತದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗಾದದ್ದು ಬೇರೆ. ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ಮೂರು ವರ್ಷವಾಯಿತು, ಈ ವಾಸನೆ ಮೂಗಿಗೆ ಬಿದ್ದಾಗಲೆಲ್ಲ ಕೈ ಹೀಗೆ ಮಾಡುತ್ತದೆ.

ನಾನು ಹುಟ್ಟು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನರಿಮೊಗರಿನ ಶಾಲೆಗೆ ಹೋಗುವಾಗ ದಾರಿಯಲ್ಲಿದ್ದ ಒಂದು ಕುಂಟು ನಾಯಿಗೆ ಹೆದರಿ ಗದ್ದೆ ಬದುವಿನಲ್ಲಿ ಸುತ್ತಿ ಹೋಗುತ್ತಿದ್ದವನು ನಾನು. ದೊಡ್ಡವನಾದ ಮೇಲೆ ಪುತ್ತೂರಿನಲ್ಲಿ ಪಂಪು, ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ ಇಟ್ಟೆ. ಕರೆಂಟಿಗೆ ಹೆದರುವವನು ಕರೆಂಟಿನ ಕೆಲಸದಲ್ಲಿ ಬಹಳ ಕಾಲ ಬದುಕುತ್ತಾನೆ ಎನ್ನುವುದಕ್ಕೆ ನಾನೇ ಸಾಕ್ಷಿ. ಆಮೇಲೆ ನನ್ನ ಹೆಂಡತಿ ಸುಜಾತಳಿಗೆ ಅವಳ ತಾಯಿಯ ಪಾಲಿನಿಂದ ಕೊಲ್ಲಮೊಗ್ರಿನಲ್ಲಿ ಒಂದು ರಬ್ಬರ್ ತೋಟ ಬಂತು. ನಮ್ಮಲ್ಲಿ ಜಾಗ ತಾಯಿಯಿಂದ ಮಗಳಿಗೆ ಬರುವುದು ಹೊಸತಲ್ಲ, ಗಂಡ ಚೀಲ ಹೊತ್ತುಕೊಂಡು ಹಿಂದಿನಿಂದ ಹೋಗುವುದೂ ಹೊಸತಲ್ಲ. ಅಂಗಡಿ ಮುಚ್ಚಿ ಹೋದೆ.

ತೋಟ ಒಂದು ಇಳಿಜಾರಿನಲ್ಲಿದೆ. ಮೇಲಿನ ಬದಿಯಲ್ಲಿ ಮನೆ, ಅಂಗಳ, ಶೀಟು ಒಣಗಿಸುವ ಹೊಗೆಮನೆ. ಅಂಗಳದಲ್ಲಿ ತೋಟಕ್ಕೆ ಮುಖ ಮಾಡಿ ನಿಂತರೆ ಬಲಕ್ಕೆ, ಕೆಳಗೆ, ನೀರು ಹರಿಯುವ ಒಂದು ತೋಡು. ತೋಡಿನ ಆಚೆ ಕಾಡು. ತೋಡಿಗೂ ಕಾಡಿಗೂ ನಡುವೆ ಬೇಲಿ ಅಂತ ಒಂದು ಇತ್ತು. ಆನೆ ನಡೆದದ್ದೇ ದಾರಿ ಎನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ, ಅದರ ಅರ್ಥ ಆ ಬೇಲಿಯನ್ನು ನೋಡಿದ ಮೇಲೆ ಆಯಿತು.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸುತ್ತಮುತ್ತ ಒಂದು ಒಂಟಿ ಆನೆ ಓಡಾಡತೊಡಗಿತು. ನಮ್ಮಲ್ಲಿಗೆ ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗಿಗೆ ಬರುತ್ತಿದ್ದವರು ಎರಡು ದಿನ ಬಂದರು, ಮೂರನೆಯ ದಿನ ಕತ್ತಿಯನ್ನು ತಂದು ಅಂಗಳದಲ್ಲಿಟ್ಟು, "ಅಕ್ಕ, ನಂಗೆ ಇಬ್ಬರು ಮಕ್ಕಳು ಉಂಟು" ಎಂದು ಹೇಳಿ ಹೋದರು. ಸುಜಾತ ಕತ್ತಿಯನ್ನು ಎತ್ತಿಕೊಂಡಳು. ಅವಳಿಗೆ ಮದುವೆಗೆ ಮೊದಲೇ ಮರ ಕೆತ್ತಲು ಬರುತ್ತಿತ್ತು. ಅವಳು ಕೆತ್ತುವುದು, ನಾನು ಹಿಂದಿನಿಂದ ಬಾಲ್ದಿ ಹಿಡಿದು ಮರಕ್ಕೆ ಕಟ್ಟಿದ ತೆಂಗಿನ ಗೆರಟೆಯಲ್ಲಿ ತುಂಬಿದ ಹಾಲು ಕೂಡಿಸುವುದು ಎಂದಾಯಿತು.

ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ, ಮಂಜು ಮುಸುಕಿತ್ತು. ತೋಡಿನ ಬದಿಯ ಕೊನೆಯ ಸಾಲಿನಲ್ಲಿದ್ದೆವು. ಹತ್ತು ಹೆಜ್ಜೆ ಮುಂದೆ ಎತ್ತರದ ಮಣ್ಣಿನ ದರೆ ಇದ್ದ ಹಾಗೆ ಕಂಡಿತು. ಅಲ್ಲಿ ದರೆ ಇರಲಿಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ಅದಕ್ಕೊಂದು ಕಿವಿ ಬಂತು. ಆಮೇಲೆ ನನಗೆ ನೆನಪಿರುವುದು ನನ್ನ ಉಸಿರಿನ ಸದ್ದು ಮಾತ್ರ. ಬಾಲ್ದಿ ಬಿಸಾಡಿದೆ. ಮನೆಯವರೆಗೆ ಓಡಿದೆ. ಒಳಗೆ ಹೋಗಿ ಬಾಗಿಲು ಹಾಕಿ ಅಗಳಿ ಜಡಿದೆ. ಹೆಂಡತಿ ಹೊರಗಿದ್ದಳು.

ಎಷ್ಟು ಹೊತ್ತಾಯಿತೋ ತಿಳಿಯದು. ಬಾಗಿಲು ಬಡಿಯುವ ಸದ್ದಾಯಿತು. "ತೆಗೀರಿ, ನಾನು." ತೆಗೆದೆ. ಅವಳು ಮರದ ಹಿಂದೆ ಅಲುಗದೆ ನಿಂತಿದ್ದಳಂತೆ, ಆನೆ ತನ್ನಷ್ಟಕ್ಕೆ ತೋಡು ದಾಟಿ ಹೋಯಿತಂತೆ. ಇದನ್ನೂ ನಾನು ಎಷ್ಟೋ ದಿನದ ನಂತರ ಅವಳು ನೆರೆಮನೆಯವರಿಗೆ ಹೇಳುವಾಗ ಕೇಳಿ ತಿಳಿದೆ. ಅಂದು ಅವಳು ನನಗೆ ಹೇಳಿದ್ದು ಒಂದೇ ಮಾತು. "ಬಾಲ್ದಿ ಒಡೆದಿದೆ." ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ. ಆ ದಿನದಿಂದ ನಾನು ತೋಟದೊಳಗೆ ಕಾಲಿಡಲಿಲ್ಲ, ಬನ್ನಿ ಎಂದು ಅವಳೂ ಕರೆಯಲಿಲ್ಲ.

ಅವಳು ಒಬ್ಬಳೇ ಹೋಗುತ್ತಿದ್ದಳು, ದಿನ ಬಿಟ್ಟು ದಿನ. "ನಿಲ್ಲಿಸುವ" ಎಂದೆ ಒಮ್ಮೆ. "ಹಾಲು ಬರುವ ಸಮಯ ಇದು. ಈಗ ನಿಲ್ಲಿಸಿದ್ರೆ ಮತ್ತೆ ಎಂತಕ್ಕೆ ಈ ತೋಟ?" ಎಂದಳು. ಮೊದಲು ಬೆಳಕು ಹರಿಯುವ ಮುಂಚೆ ಹೋಗುತ್ತಿದ್ದವಳು, ನನ್ನ ಒತ್ತಾಯಕ್ಕೆ ಬೆಳಕಾದ ಮೇಲೆ ಹೋಗತೊಡಗಿದಳು. ಒಂದು ಸಾಲು ಮುಗಿದರೆ ಕತ್ತಿಯ ಹಿಡಿಯಿಂದ ಬಾಲ್ದಿಗೆ ಎರಡು ಪೆಟ್ಟು ಹೊಡೆಯಬೇಕು ಎಂದು ಮಾತಾಯಿತು. ನಾನು ಅಂಗಳದ ತುದಿಯಲ್ಲಿ ಅಲ್ಲ, ಜಗಲಿಯಲ್ಲೂ ಅಲ್ಲ, ಒಳಗೆ ಕಿಟಕಿಯ ಪಕ್ಕ ಕೂತು ಆ ಎರಡು ಪೆಟ್ಟಿಗೆ ಕಿವಿ ಕೊಡುತ್ತಿದ್ದೆ. ಪೆಟ್ಟು ತಡವಾದರೆ ಎದ್ದು ಬಾಗಿಲಿನವರೆಗೆ ಹೋಗಿ, ಅಗಳಿ ಮುಟ್ಟಿ, ವಾಪಸು ಬಂದು ಕೂರುತ್ತಿದ್ದೆ. ಗಂಡಸಾಗಿ ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ಡ್ರೋನಿನ ಯೋಚನೆ ಬಂದದ್ದು ಹಾಗೆ. ನಾನು ಹೋಗಲಾರದ ಕಡೆಗೆ ನನ್ನ ಬದಲು ಹೋಗುವ ಕಣ್ಣೊಂದು ಬೇಕಿತ್ತು. ಮದುವೆಯ ವಿಡಿಯೋ ತೆಗೆಯುವವರ ಬಳಿ ಅದನ್ನು ನೋಡಿದ್ದೆ. ಬಿಚ್ಚಿ ನೋಡಿದರೆ ನಾಲ್ಕು ಫ್ಯಾನು, ಒಂದು ಬ್ಯಾಟರಿ, ಒಂದು ಬೋರ್ಡು. ಫ್ಯಾನು ನನ್ನ ಕಸುಬು.

ಕಡಬದ ಆಚೆ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಹಮೀದ್ ನನ್ನ ಹಳೆಯ ಸ್ನೇಹಿತ. ಹದಿನಾಲ್ಕು ವರ್ಷ ಗಲ್ಫಿನಲ್ಲಿ ದೊಡ್ಡ ದೊಡ್ಡ ಏಸಿ ಮಿಷನುಗಳನ್ನು ನೋಡಿಕೊಂಡು ಬಂದವನು. ಹೇಳಿದ ಕೂಡಲೇ ನಕ್ಕ. "ಆನೆ ನೋಡ್ಲಿಕ್ಕೆ ಹೆಲಿಕಾಪ್ಟರಾ ರೈಗಳೇ? ಆಗ್ಲಿ, ಮಾಡುವ ಮಾರಾಯ್ರೆ." ಬಿಡುವಾದಾಗಲೆಲ್ಲ ಅವನು ನಮ್ಮ ಮನೆಗೆ ಬಂದ, ಪರದೆ ಹಾಕುವ ಅಲ್ಯೂಮಿನಿಯಂ ಪೈಪಿನಿಂದ ನಾಲ್ಕು ಕೈ ಮಾಡಿದೆವು. ಮೋಟಾರು, ಬೋರ್ಡು, ಕ್ಯಾಮರಾ ಪೋಸ್ಟಿನಲ್ಲಿ ಬಂದವು. ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಬಂದು ನೋಡಿ, "ನಿಮ್ಮ ಗಡಿ ದಾಟಿ ಕಾಡಿನ ಮೇಲೆ ಹೋದ್ರೆ ಕೇಸಾಗ್ತದೆ" ಎಂದು ಹೇಳಿ ಹೋದರು. ಹೆದರಿದವನ ಮೇಲೆ ಹಾವೆಸೆದ ಹಾಗಾಯಿತು. ಗಡಿಯಿಂದ ಹತ್ತು ಮಾರು ಈಚೆಗೇ ಹಾರಿಸುವುದು ಎಂದು ಅಂದೇ ಗಟ್ಟಿ ಮಾಡಿಕೊಂಡೆ.

ಸಮಯ ಕೂಡಿ ಬಂದಿತ್ತು. ಡಿಸೆಂಬರ್ ಕಳೆಯುವಾಗ ರಬ್ಬರ್ ಮರ ಎಲೆಯನ್ನು ಕೆಂಪು ಮಾಡಿ ಉದುರಿಸುತ್ತದೆ. ಹೊಸ ಎಲೆ ಬರುವವರೆಗೆ ತೋಟ ಬೋಳು. ಮೇಲಿನಿಂದ ನೋಡಿದರೆ ನೆಲ ಕಾಣುವುದು ವರ್ಷದಲ್ಲಿ ಆ ಕೆಲವು ವಾರ ಮಾತ್ರ. ಹೊಸ ಎಲೆ ಚಿಗುರತೊಡಗಿದರೆ ಟ್ಯಾಪಿಂಗಿಗೂ ರಜೆ. ಅಂದರೆ ನಾನು ಅವಳಿಗೆ ಕಾವಲಿರಬೇಕಾದದ್ದು ಆ ಕೆಲವು ವಾರ ಅಷ್ಟೇ. ನೆಲದ ಮೇಲೆ ಕಣಕಾಲಿನವರೆಗೆ ತರಗೆಲೆ. ಒಂದು ಓತಿ ಓಡಿದರೂ ಮನುಷ್ಯ ನಡೆದಷ್ಟು ಸದ್ದು.

ಮೊದಲ ಸಲ ಅಂಗಳದಿಂದ ಎಬ್ಬಿಸಿದಾಗ ಅದು ಮಲೇರಿಯಾ ಬಂದವರ ಹಾಗೆ ನಡುಗಿತು. ರಿಮೋಟಿನ ಸಣ್ಣ ಪರದೆಯಲ್ಲಿ ತೋಟ ಕಂಡಿತು, ಆದರೆ ಕುದಿಯುವ ಪಾತ್ರೆಯ ಆವಿಯ ಹಿಂದಿನಿಂದ ನೋಡಿದ ಹಾಗೆ. ನೆಟ್ಟಗಿದ್ದ ಮರಗಳೆಲ್ಲ ಹಾವಿನಂತೆ ಬಳುಕುತ್ತಿದ್ದವು. ಕಲ್ಲು ಯಾವುದು, ನೆರಳು ಯಾವುದು ಎಂದು ಹೇಳುವಂತಿರಲಿಲ್ಲ. ಒಂದೇ ಎತ್ತರದಲ್ಲಿ ನಿಲ್ಲು ಎಂದು ಗುಂಡಿ ಒತ್ತಿದರೆ ಅದು ನನ್ನನ್ನು ಕೇಳದೆ ಮೇಲೆ ಮೇಲೆ ಹೋಗತೊಡಗಿತು. ನಾನು ಬೆದರಿ ಎಲ್ಲ ಆಫ್ ಮಾಡಿದೆ, ತೆಂಗಿನಕಾಯಿಯಂತೆ ಬಿತ್ತು.

"ಬೋರ್ಡಿಗೆ ತಲೆ ತಿರುಗ್ತಾ ಉಂಟು" ಎಂದ ಹಮೀದ್. "ನಡುಗುದು ಯಾವುದು, ಹಾರುದು ಯಾವುದು ಅದಕ್ಕೆ ಗೊತ್ತಾಗುದಿಲ್ಲ. ಒಳ್ಳೆ ಬೋರ್ಡೇ, ಸುಳ್ಳು ಸುದ್ದಿ ಕೇಳಿ ಹಾಳಾಗುದು."

ಸುಳ್ಳು ಎಲ್ಲಿಂದ ಬರುತ್ತದೆ ಎಂದು ಹುಡುಕುವುದೇ ನಮ್ಮ ಕೆಲಸವಾಯಿತು. ರೆಕ್ಕೆಗಳನ್ನು ಬಿಚ್ಚಿಟ್ಟು ಒಂದೊಂದೇ ಮೋಟಾರನ್ನು ತಿರುಗಿಸಿದೆವು. ಹಮೀದ್ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಪಂಪಿನ ಬೇರಿಂಗನ್ನು ನಾವು ಪರೀಕ್ಷಿಸುವುದು ಹೀಗೆಯೇ. ಮೂರನೆಯದರಲ್ಲಿ ಅವನ ಹುಬ್ಬು ಗಂಟಿಕ್ಕಿತು. "ಇದರೊಳಗೆ ಮರಳು ಅಗೀತಾ ಉಂಟು." ಅದರ ಬೇರಿಂಗು ಬದಲಾಯಿಸಿದೆವು. ರೆಕ್ಕೆಗಳನ್ನು ಸೂಜಿಗೆ ಪೋಣಿಸಿ ತೂಗಿ, ಹಗುರವಾದ ಬದಿಗೆ ಚೂರು ಟೇಪು ಅಂಟಿಸಿ ಎರಡೂ ಬದಿ ಸಮ ಮಾಡಿದೆವು. ಕೈಗಳ ಸ್ಕ್ರೂ ಸಡಿಲವಾಗದಂತೆ ಅಂಟು ಹಾಕಿದೆವು. ಒಂದೊಂದಕ್ಕೂ ನಡುಕ ಸ್ವಲ್ಪ ಸ್ವಲ್ಪ ಇಳಿಯಿತು. ಪೂರ್ತಿ ಹೋಗಲಿಲ್ಲ. ಈ ಎಲ್ಲ ಕೆಲಸ ಮಾಡುವಾಗ ನನ್ನ ಒಂದು ಕಿವಿ ತೋಟದ ಕಡೆಗೇ ಇರುತ್ತಿತ್ತು. ಬಾಲ್ದಿಯ ಪೆಟ್ಟು ಕೇಳಿದ ಮೇಲೆಯೇ ನಾನು ಮುಂದಿನ ಸ್ಕ್ರೂ ತಿರುಗಿಸುತ್ತಿದ್ದದ್ದು. 

ಉಳಿದ ನಡುಕ ಬೋರ್ಡಿಗೆ ತಲುಪದಂತೆ ಅಡಿಗೆ ಏನಾದರೂ ಮೆತ್ತಗಿನದು ಹಾಕಬೇಕಿತ್ತು. ಅದಕ್ಕೆಂದೇ ಮಾಡಿದ ಪ್ಯಾಡು ಸಿಗುತ್ತದೆ, ಪೋಸ್ಟಿನಲ್ಲಿ ಬರಲು ಹತ್ತು ದಿನ. ಹತ್ತು ದಿನ ಕಾಯುವ ತಾಳ್ಮೆ ನನಗಿರಲಿಲ್ಲ. ಹಮೀದ್ ಅಂದು ಬಂದಿರಲಿಲ್ಲ. ಮನೆ ತುಂಬ ರಬ್ಬರು ಇಟ್ಟುಕೊಂಡು ರಬ್ಬರಿಗೆ ಪೇಟೆಯನ್ನು ಕಾಯುವುದೇ? ಹಗ್ಗದಲ್ಲಿ ನೇತಾಡುತ್ತಿದ್ದ, ಹಿಂದಿನ ದಿನವಷ್ಟೇ ಹೆಪ್ಪುಗಟ್ಟಿದ ಹಾಲನ್ನು ರೋಲರಿನಲ್ಲಿ ಒತ್ತಿ ತೆಗೆದ ಒಂದು ಶೀಟಿನ ಮೂಲೆಯನ್ನು ಕತ್ತರಿಸಿದೆ. ನಾಲ್ಕು ಪದರ ಮಡಚಿ ಬೋರ್ಡಿನ ಅಡಿಗಿಟ್ಟು ಬಿಗಿದೆ. ರಬ್ಬರು ಬೆಳೆಯುವವನಿಗಲ್ಲದೆ ಬೇರೆ ಯಾರಿಗೂ ಈ ಬುದ್ಧಿ ಹೊಳೆಯಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಹಾರಿಸಿದೆ. ಮರಗಳು ನೆಟ್ಟಗೆ ನಿಂತವು. ಒಂದೊಂದು ಗೆರಟೆಯೂ ಕಾಣುತ್ತಿತ್ತು. ನನಗೆ ಅಳು ಬಂತು ಎಂದರೆ ಸುಳ್ಳಲ್ಲ. ಸುಜಾತಳನ್ನು ಕೂಗಿದೆ. ಅವಳು ಒಲೆಯ ಬಳಿಯಿಂದ ಬಂದು, ಪರದೆಯನ್ನು ನೋಡಿ, "ಚಂದ ಕಾಣ್ತದೆ" ಎಂದಳು. ಆಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು, ಬಾಲ್ದಿ ಹಿಡಿದು ನಿಂತು ಕೇಳಿದಳು.

"ಹೋಗ್ಲಾ?"

"ಏನೂ ಇಲ್ಲ. ಹೋಗು."

ಅಂದಿನಿಂದ ಇದೇ ಕ್ರಮ. ಟ್ಯಾಪಿಂಗಿನ ದಿನ ಬೆಳಕಾದ ಕೂಡಲೇ ನಾನು ಅಂಗಳದ ತುದಿಗೆ ಬಂದು ನಿಲ್ಲುವುದು. ಡ್ರೋನನ್ನು ಎಬ್ಬಿಸಿ ತೋಟದ ನಡುವಿನ ಸಾಲಿನ ಮೇಲೆ ನೇರ ಬಿಟ್ಟು ನಲವತ್ತರವರೆಗೆ ಎಣಿಸುವುದು, ಬಲಕ್ಕೆ ತಿರುಗಿಸಿ ಹದಿನೈದು ಎಣಿಸುವುದು, ತೋಡಿನ ಬದಿಯ ಸಾಲುಗಳ ಮೇಲಿನಿಂದ ವಾಪಸು ತರುವುದು. ಪರದೆಯಲ್ಲಿ ನಕ್ಷೆಯಿರಲಿಲ್ಲ, ಎಣಿಕೆಯೇ ನಕ್ಷೆ. ಆಮೇಲೆ ಆ ಎರಡು ಮಾತು. ಏನೂ ಇಲ್ಲ, ಹೋಗು. ಅವಳು ಹೋಗುತ್ತಿದ್ದಳು. ನನ್ನ ಮಾತನ್ನು ನಂಬಿ ಒಂದು ಜೀವ ಕೆಳಗಿಳಿದು ಹೋಗುವುದನ್ನು ನೋಡುತ್ತಿದ್ದೆ. ಹೆಮ್ಮೆಯೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಹೆದರಿಕೆಯೇ ಹೆಚ್ಚು.

ಕೆಲವು ದಿನ ಕಳೆದ ಮೇಲೆ ಅದು ಎಡಕ್ಕೆ ಎಳೆಯತೊಡಗಿತು. ಹೆಬ್ಬೆರಳಿನಿಂದ ರಿಮೋಟಿನ ಕೋಲನ್ನು ತುಸು ಬಲಕ್ಕೆ ಒತ್ತಿ ಹಿಡಿದರೆ ನೇರ ಹೋಗುತ್ತಿತ್ತು, ಅಥವಾ ಹೋಗುತ್ತದೆ ಎಂದುಕೊಂಡೆ. ಹಳೆಯ ಜೀಪಿನ ಸ್ಟೇರಿಂಗು ಒಂದು ಬದಿಗೆ ಎಳೆಯುವುದಿಲ್ಲವೇ, ಡ್ರೈವರಿನ ಕೈಗೆ ಅದು ರೂಢಿಯಾಗುತ್ತದೆ. ನನಗೂ ಹಾಗೆಯೇ ರೂಢಿಯಾಯಿತು. ಬೆಳಗಿನ ಚಳಿಯಲ್ಲಿ ಎಳೆತ ಕಡಿಮೆ. ಮಧ್ಯಾಹ್ನ ಒಮ್ಮೆ ಸುಮ್ಮನೆ ಹಾರಿಸಿ ನೋಡಿದಾಗ ಹಿಡಿತಕ್ಕೇ ಸಿಗದೆ ಎಡಕ್ಕೆ ವಾಲಿ ನಡುಗಿತು. ಮಧ್ಯಾಹ್ನ ಹಾರಿಸುವ ಅಗತ್ಯವೇನು ಎಂದು ಬಿಟ್ಟುಬಿಟ್ಟೆ. ರೋಗವನ್ನು ಗುಟ್ಟಾಗಿ ಇಟ್ಟುಕೊಂಡವನು ನಾನು. ಹಮೀದನಿಗೆ ಹೇಳಿದರೆ ಅವನು ಬಿಚ್ಚುತ್ತಾನೆ, ಬಿಚ್ಚಿದರೆ ಎರಡು ದಿನ ಹಾರುವುದಿಲ್ಲ, ಆ ಎರಡು ದಿನ ಸುಜಾತ ಕಣ್ಣಿಲ್ಲದೆ ತೋಟಕ್ಕಿಳಿಯಬೇಕು. ಇದು ನಾನು ನನಗೆ ಹೇಳಿಕೊಂಡ ಕಾರಣ. ನಿಜ ಕಾರಣ, ಡ್ರೋನ್ ಇಲ್ಲದಿದ್ದರೆ ನಾನು ಪುನಃ ಕಿಟಕಿಯ ಬಳಿಗೆ ಹೋಗಬೇಕಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಹಮೀದ್ ತಾನಾಗಿಯೇ ಬಂದ. ಡ್ರೋನ್ ಅಂಗಳದ ಬಿಸಿಲಿನಲ್ಲಿತ್ತು. "ಹಾರಿಸಿ ನೋಡುವ" ಎಂದ. ಬೇಡ ಎನ್ನಲು ಕಾರಣ ಸಿಗಲಿಲ್ಲ. ಎಬ್ಬಿಸಿದೆ. ಅದು ಎದ್ದದ್ದೇ ಎಡಕ್ಕೆ ಮಗುಚುವ ಹಾಗೆ ವಾಲಿ, ಕಿರುಚುತ್ತಾ ಮೇಲೇರಿ, ಹೊಗೆಮನೆಯ ಹಂಚಿನ ಅಂಚಿಗೆ ಬಡಿದು ಶೀಟು ಒಣಹಾಕಿದ್ದ ಹಗ್ಗದ ಮೇಲೆ ಬಿತ್ತು. ರೋಲರಿನ ಬಳಿಯಿದ್ದ ಸುಜಾತ ಬಂದು ನೋಡಿ, "ಬಿತ್ತಾ?" ಎಂದಳು. ಅವಳ ಮುಖದಲ್ಲಿ ಅಂಥ ಗಾಬರಿಯೇನೂ ಕಾಣಲಿಲ್ಲ. ಆಗ ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹಮೀದ್ ಮುಚ್ಚಳ ಬಿಚ್ಚಿದ. ಆ ವಾಸನೆ ಬಂತು. ನಾನು ಮಡಚಿಟ್ಟಿದ್ದ ನಾಲ್ಕು ಪದರ ಈಗ ಒಂದೇ ಮುದ್ದೆಯಾಗಿತ್ತು. ಬಿಸಿಲಿಗೆ ಇಟ್ಟ ಬೆಲ್ಲದ ಹಾಗೆ ಮೆತ್ತಗಾಗಿ, ಹೆಚ್ಚು ಬಿಗಿದಿದ್ದ ಬದಿಯಿಂದ ಹಿಂಡಿ ಹೊರಗೆ ಬಂದಿತ್ತು. ಬೋರ್ಡು ಅದರಲ್ಲಿ ಒಂದು ಬದಿಗೆ ಹೂತು ಓರೆಯಾಗಿ ಕೂತಿತ್ತು.

"ಎಂತ ಮಾರಾಯ್ರೆ ಇದು, ಹಸಿ ಶೀಟಾ?" ಎಂದು ಹಮೀದ್ ನಗತೊಡಗಿದ. "ಹದ ಮಾಡಿದ ರಬ್ಬರ್ ಬೇರೆ, ಇದು ಬೇರೆ. ಇದು ಚಳಿಗೆ ಗಟ್ಟಿ, ಬಿಸಿಲಿಗೆ ಅಂಟು. ದಿನಾ ಸ್ವಲ್ಪ ಸ್ವಲ್ಪ ಹರೀತಾ ಉಂಟು. ಬೋರ್ಡು ಓರೆ ಕೂತ್ರೆ ಅದಕ್ಕೆ ಭೂಮಿಯೇ ಓರೆ. ಪಾಪ, ಅದು ಸರಿ ಮಾಡ್ಲಿಕ್ಕೆ ನೋಡಿ ಎಡಕ್ಕೆ ಹೋಗುದು." ನಗು ನಿಲ್ಲಿಸಿ ಕೇಳಿದ. "ಮೊದಲೇ ಎಳೀತಿರ್ಲಿಲ್ವಾ ಇದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಬ್ಬೆರಳು ತಾನಾಗಿ ಬಲಕ್ಕೆ ಒತ್ತಿಕೊಂಡಿತು. ಡ್ರೋನ್ ಎಡಕ್ಕೆ ಹೋಗುತ್ತಿತ್ತು, ತೋಡು ಇರುವುದು ಬಲಕ್ಕೆ. ಎಂದಿನಿಂದ ನಾನು ಆ ಬದಿಯನ್ನು ನೋಡಿಯೇ ಇಲ್ಲ?

ಪ್ರತಿ ಸಲದ ಹಾರಾಟವೂ ಕ್ಯಾಮರಾದಲ್ಲಿ ಉಳಿದಿತ್ತು. ಹನ್ನೊಂದು ಬೆಳಗು. ಹಮೀದ್ ಹೋದ ಮೇಲೆ ಒಬ್ಬನೇ ಕೂತು ಒಂದೊಂದನ್ನೇ ನೋಡಿದೆ. ತೋಡಿನ ದಡದಲ್ಲಿ ಒಂದು ಹೆಬ್ಬಲಸಿನ ಮರವಿದೆ. ಎಲೆ ಉದುರಿದ ತೋಟದಲ್ಲಿ ಹಸಿರಾಗಿದ್ದದ್ದು ಅದೊಂದೇ. ಮೊದಲ ನಾಲ್ಕು ಬೆಳಗಿನಲ್ಲಿ ಪರದೆಯ ಅಂಚಿನಲ್ಲಿ ಆ ಹಸಿರು ಇತ್ತು. ಐದನೆಯದರಲ್ಲಿ ಅದರ ಒಂದು ಕೊಂಬೆ ಮಾತ್ರ. ಆರನೆಯದರಲ್ಲಿ ಇಲ್ಲ. ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು, ಇಲ್ಲ. ರಬ್ಬರಿನ ಸಾಲು ಮೇಲಿನಿಂದ ನೋಡಿದರೆ ಒಂದರ ಹಾಗೆ ಇನ್ನೊಂದು. ನಡುವಿನ ಸಾಲುಗಳನ್ನೇ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೋಡಿ ತೋಡಿನ ಬದಿಯನ್ನು ನೋಡಿದೆ ಎಂದುಕೊಂಡಿದ್ದೆ. ನಾನು ನೋಡುತ್ತಿದ್ದದ್ದು ಆನೆ ಉಂಟಾ ಎಂದು. ಮರ ಉಂಟಾ ಎಂದು ಯಾರು ನೋಡುತ್ತಾರೆ?

ಆರು ಬೆಳಗು. ಆರು ಸಲ ಏನೂ ಇಲ್ಲ ಎಂದಿದ್ದೆ, ನೋಡದೆ.  ಅಕ್ಟೋಬರಿನಲ್ಲಿ ಓಡಿದ್ದು ದೇಹ, ಅದನ್ನು ನಾನು ಹೇಗೋ ನುಂಗಿಕೊಂಡಿದ್ದೆ. ಇದು ಹಾಗಲ್ಲ. ಇದರಲ್ಲಿ ಅವಳನ್ನು ನಾನೇ ಕಳಿಸಿದ್ದೆ.

ಮರುದಿನ ಹಮೀದ್ ಏಸಿಯ ಪ್ಯಾನೆಲಿಗೆ ಹಾಕುವ ಸ್ಪಂಜಿನ ಟೇಪು ತಂದು ಬೋರ್ಡನ್ನು ಕೂರಿಸಿದ. ಗಾರೆಯವರ ರಸಮಟ್ಟ ಇಟ್ಟು ನೆಲ ಸಮ ಯಾವುದೆಂದು ಬೋರ್ಡಿಗೆ ಹೊಸತಾಗಿ ಕಲಿಸಿದೆವು. ಮಧ್ಯಾಹ್ನದ ಬಿಸಿಲಿನಲ್ಲೂ ಅದು ಅಂಗಳದ ಮೇಲೆ ಅಲುಗದೆ ನಿಂತಿತು. ಹಮೀದ್ ಬೆನ್ನು ತಟ್ಟಿದ. 

ಸಂಜೆ ಸುಜಾತ ಕತ್ತಿ ಮಸೆಯುತ್ತಿದ್ದಳು. "ನಾಳೆ ಬೇಡ" ಎಂದೆ.

"ಯಾಕೆ?"

"ಸುಮ್ನೆ."

ಅವಳು ಕತ್ತಿಯ ಬಾಯನ್ನು ಬೆರಳಿನಿಂದ ಸವರಿ ನೋಡಿ, ಮಸೆಯುವುದನ್ನು ಮುಂದುವರಿಸಿದಳು. ನಾನು ಒಳಗೆ ಹೋಗಿ ಡ್ರೋನಿನ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆ. 

ಬೆಳಗಾಯಿತು. ಚಳಿಯಿತ್ತು, ಮಂಜು ಇರಲಿಲ್ಲ. ಡ್ರೋನನ್ನು ಎಬ್ಬಿಸಿದೆ. ಹೆಬ್ಬೆರಳಿಗೆ ಏನೂ ಕೆಲಸವಿಲ್ಲದೆ ಅದು ನೇರ ಹೋಯಿತು. ನಲವತ್ತು ಎಣಿಸಿ ಬಲಕ್ಕೆ ತಿರುಗಿಸಿದೆ. ಹದಿನೈದು ಎಣಿಸುವಾಗ ಹೆಬ್ಬಲಸು ಬಂತು, ಹಸಿರಾಗಿ, ದಟ್ಟವಾಗಿ. ಅದರ ಈಚೆಗೆ ತರಗೆಲೆಯ ಮೇಲೆ ಒಂದು ದಾರಿ. ತೋಡಿನಿಂದ ಹತ್ತಿ ನಾಲ್ಕು ಸಾಲು ದಾಟಿ ಒಳಗೆ ಬಂದು, ಬಾಗಿ, ಮತ್ತೆ ತೋಡಿಗೆ ಇಳಿದಿತ್ತು. ಎಲೆಗಳು ತುಳಿದು ನುಚ್ಚಾಗಿದ್ದವು. ಒಂದು ದಿನದ್ದಲ್ಲ, ಓಡಾಡಿ ಸವೆದ ದಾರಿ. ಅದರ ಉದ್ದಕ್ಕೆ ಅಲ್ಲಲ್ಲಿ ತರಗೆಲೆಯ ಗುಡ್ಡೆಗಳು, ಗುಂಡಗೆ, ಒಂದೊಂದು ಬುಟ್ಟಿಯಷ್ಟು. ಐದು ಎಣಿಸಿದೆ. ಆನೆ ಎಲ್ಲಿಯೂ ಕಾಣಲಿಲ್ಲ.

ಪರದೆಯನ್ನು ಸುಜಾತಳ ಕಡೆಗೆ ತಿರುಗಿಸಿದೆ. "ಇದೆಂತದು ಗುಡ್ಡೆ?"

ಅವಳು ಸರಿಯಾಗಿ ನೋಡಲೂ ಇಲ್ಲ. "ತರಗೆಲೆ."

"ಯಾರು ಗುಡಿಸಿದ್ದು?"

"ಗಾಳಿಗೆ ಆದದ್ದಾಗಿರಬೇಕು. ಹೋಗ್ಲಾ?"

ಗಾಳಿ ಗುಂಡಗೆ ಗುಡಿಸುವುದಿಲ್ಲ. ನಾನು ಡ್ರೋನನ್ನು ಇಳಿಸಿದೆ. ರಿಮೋಟನ್ನು ಜಗಲಿಯಲ್ಲಿಟ್ಟೆ. "ನಾನೂ ಬರ್ತೇನೆ" ಎಂದೆ. ಯಾರೋ ಬೇರೆಯವರು ಹೇಳಿದ ಹಾಗೆ ಕೇಳಿಸಿತು. ಅವಳು ನನ್ನನ್ನು ಒಂದು ಗಳಿಗೆ ನೋಡಿದಳು.  ಬಾಲ್ದಿಯನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದಳು.

ಮೂರು ತಿಂಗಳ ನಂತರ ತೋಟದೊಳಗೆ ಕಾಲಿಟ್ಟದ್ದು. ಹೆಜ್ಜೆಹೆಜ್ಜೆಗೂ ತರಗೆಲೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ನಾವು ಬರುತ್ತಿದ್ದೇವೆ ಎಂದು ಕಾಡಿಗೆಲ್ಲ ಡಂಗುರ ಹೊಡೆದ ಹಾಗೆ.  ಅವಳು ದಾರಿಯುದ್ದಕ್ಕೂ ಮರಗಳ ಬಳಿ ನಿಂತು, ಹಿಂದಿನ ಗಾಯದ ಮೇಲೆ ಒಣಗಿದ್ದ ರಬ್ಬರಿನ ಎಳೆಯನ್ನು ಕಿತ್ತು, ಹೊಸ ಗೀರು ಎಳೆದು, ಮುಂದಿನ ಮರಕ್ಕೆ ಹೋಗುತ್ತಿದ್ದಳು. ಎಂದಿನ ಕೆಲಸ ಎಂಬಂತೆ.

ಮೊದಲ ಗುಡ್ಡೆಯ ಬಳಿ ಬಂದೆವು. ಕಾಲಿನಿಂದ ಎಲೆಗಳನ್ನು ಸರಿಸಿದೆ. ಅಡಿಯಲ್ಲಿ ಆನೆಯ ಲದ್ದಿ, ಒಣಗಿ ಬಿಳುಚಿತ್ತು, ಬಿದಿರಿನ ನಾರು ಎದ್ದು ಕಾಣುತ್ತಿತ್ತು. ಎರಡನೆಯ ಗುಡ್ಡೆಯ ಅಡಿಯಲ್ಲೂ ಅದೇ. ಮೂರನೆಯದನ್ನು ನೋಡುವ ಅಗತ್ಯವಿರಲಿಲ್ಲ.

"ನೀನು ಮುಚ್ಚಿದ್ದಾ?"

ಅವಳು ಕತ್ತಿಗೆ ಅಂಟಿದ್ದ ರಬ್ಬರನ್ನು ತೆಗೆಯುತ್ತಾ ನಿಂತಳು. "ನೀವೆಲ್ಲಿಯಾದ್ರೂ ನೋಡಿದ್ರೆ ಅಂತ."

"ನಾನು ಏನೂ ಇಲ್ಲ ಅಂತ ಹೇಳ್ತಿದ್ದೆ, ಸುಜಾತ. ಆ ಡ್ರೋನ್ ಈ ಬದಿಗೆ ಬರ್ತಾನೇ ಇರ್ಲಿಲ್ಲ."

"ಗೊತ್ತುಂಟು. ಸದ್ದು ಆಚೆಯಿಂದ ಕೇಳ್ತಿತ್ತಲ್ಲ."

"ಮತ್ತೆ ಹೇಳ್ಲಿಲ್ಲ ಯಾಕೆ?"

ಅವಳು ತೆಗೆದ ರಬ್ಬರನ್ನು ಬೆರಳಲ್ಲಿ ಉಂಡೆ ಮಾಡಿದಳು. "ಅದನ್ನು ಮಾಡಿದ ಮೇಲೆ ನೀವು ಅಂಗಳದ ತುದಿವರೆಗೆ ಬಂದ್ರಿ. ಇದನ್ನು ನೋಡಿದ್ರೆ ಪುನಃ ಒಳಗೆ ಹೋಗಿ ಬಾಗಿಲು ಹಾಕಿಕೊಳ್ತಿದ್ರಿ." ಸಿಟ್ಟಿನಿಂದ ಹೇಳಿದ್ದಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವ ಹಾಗೆ ಹೇಳಿದಳು. ಬಾಗಿಲಿನ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. "ನಂಗೆ ಆನೆ ಇದ್ರೆ ವಾಸನೆ ಬರ್ತದೆ. ನಾನು ಮೂಗು ನಂಬಿ ಹೋಗುದು, ನಿಮ್ಮ ಹೆಲಿಕಾಪ್ಟರನ್ನು ಅಲ್ಲ."

ನನಗೆ ಏನಾದರೂ ಹೇಳಬೇಕೆನಿಸಿತು. ಕ್ಷಮಿಸು ಎನ್ನುವ ಮಾತು ನಮ್ಮ ತುಳುವಿನಲ್ಲಿ ಗಂಡಹೆಂಡಿರ ನಡುವೆ ಸುಲಭಕ್ಕೆ ಬರುವುದಿಲ್ಲ. ನಾನು ಪದ ಹುಡುಕುತ್ತಾ ತಲೆ ತಗ್ಗಿಸಿದೆ. ಆಗ ಕಂಡಿತು. ನಾಲ್ಕು ಹೆಜ್ಜೆಯಾಚೆ ಇನ್ನೊಂದು ಲದ್ದಿ, ಮೇಲೆ ತರಗೆಲೆ ಇಲ್ಲದ್ದು. ಮೇಲಿನಿಂದ ನೋಡಿದಾಗ ನೆಲದ ಬಣ್ಣಕ್ಕೇ ಸೇರಿಹೋಗಿತ್ತು. ಚಳಿಯಲ್ಲಿ ಅದರಿಂದ ಸಣ್ಣಗೆ ಆವಿ ಏಳುತ್ತಿತ್ತು.

ಸುಜಾತಳ ಮೂಗು ಅರಳಿತು. ಅವಳ ಕಣ್ಣು ಹೆಬ್ಬಲಸಿನ ಕಡೆಗೆ ಹೋಯಿತು. ತೋಟಕ್ಕೆಲ್ಲ ಎಲೆ ಇಲ್ಲದ ಕಾಲದಲ್ಲಿ ಎಲೆ ಇರುವ ಒಂದೇ ಮರ. ಎಷ್ಟು ಸರಿ ಮಾಡಿದರೂ ಡ್ರೋನಿನ ಕಣ್ಣು ಹೊಗದ ಒಂದೇ ನೆರಳು. ಆ ನೆರಳಿನೊಳಗೆ ಏನೋ ಒಂದು ಸಲ ಬೀಸಿತು. ಗೋಣಿ ಕೊಡವಿದ ಸದ್ದು. ಕಿವಿ.

"ಓಡ್ಬೇಡಿ" ಎಂದಳು, ತುಟಿ ಅಲುಗಿಸದೆ.

ಅದರ ಉಸಿರು ಕೇಳುತ್ತಿತ್ತು. ಅಕ್ಟೋಬರಿನಲ್ಲಿ ಕೇಳಿದ್ದು ನನ್ನದು ಮಾತ್ರ, ಈಗ ಅದರದೂ ಕೇಳುತ್ತಿತ್ತು.  ಮನೆಯ ಬಾಗಿಲು, ಅದರ ಅಗಳಿ ಕಣ್ಣಿಗೆ ಕಟ್ಟಿದಂತೆ ಕಂಡವು. ಕಾಲು ಆಗಲೇ ಆ ಕಡೆಗೆ ತಿರುಗಿತ್ತು. ಬಾಲ್ದಿ ಎಡಗೈಯಲ್ಲಿ ಇನ್ನೂ ಇತ್ತು, ಅದು ಸದ್ದು ಮಾಡಬಾರದು ಎಂಬುದೊಂದೇ ಯೋಚನೆ. ಎಷ್ಟು ಹೊತ್ತು ನಿಂತೆವೋ. ಆಮೇಲೆ ಆ ನೆರಳು ಎರಡಾಗಿ ಒಡೆಯಿತು. ಮರದ್ದು ಬುಡದಲ್ಲೇ ಉಳಿಯಿತು, ಆನೆಯದ್ದು ನಿಧಾನವಾಗಿ ತೋಡಿಗೆ ಇಳಿಯಿತು. ನೀರಿನ ಸದ್ದಾಯಿತು. ಆಚೆ ದಡದಲ್ಲಿ ಬಿದಿರು ಮುರಿಯಿತು. ಇನ್ನಷ್ಟು ದೂರದಲ್ಲಿ ಮತ್ತೊಮ್ಮೆ ಮುರಿಯಿತು. ಮತ್ತೆ ಹಕ್ಕಿ ಕೂಗಿತು.

"ಹೋಯ್ತು" ಎಂದಳು ಸುಜಾತ. ಅವಳ ದನಿಯೂ ನಡುಗುತ್ತಿತ್ತು. ಅವಳಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ತಿಳಿದದ್ದು ಅಂದು. ಇಷ್ಟು ದಿನ ಅದನ್ನು ಅವಳು ಒಬ್ಬಳೇ ಹೊತ್ತುಕೊಂಡು ಇಳಿಯುತ್ತಿದ್ದಳು. ಮತ್ತೆ ಹೇಳಿದಳು. "ಇನ್ನು ಕೈ ಬಿಡಿ. ಕತ್ತಿ ಹಿಡಿಯುದು ಹೇಗೆ ನಾನು?"

ನೋಡಿದರೆ ನನ್ನ ಬಲಗೈ ಅವಳ ಕೈಯನ್ನು ಹಿಡಿದಿತ್ತು. ಹಸಿ ರಬ್ಬರು ಮೆತ್ತಿಕೊಂಡ ಕೈ ಅದು. ಬಿಡಿಸಿಕೊಂಡಾಗ ಅಂಗೈಯಿಂದ ಅಂಗೈಗೆ ಬಿಳಿ ಎಳೆ ಎಳೆದು ಕಿತ್ತು ಬಂತು. ಅವಳ ಕೈಯಲ್ಲಿ ನನ್ನ ನಾಲ್ಕು ಬೆರಳಿನ ಗುರುತು ಕೆಂಪಗೆ ಮೂಡಿತ್ತು. ನನ್ನ ಅಂಗೈಯ ವಾಸನೆ ಎರಡು ದಿನ ಹೋಗಲಿಲ್ಲ.

ಅಂದು ಉಳಿದ ಮೂರು ಸಾಲನ್ನೂ ಕೆತ್ತಿಯೇ ಬಂದೆವು. ಆ ಹಂಗಾಮು ಮುಗಿಯುವವರೆಗೂ, ಆಮೇಲಿನ ಎರಡು ಹಂಗಾಮಿನಲ್ಲೂ ಬಾಲ್ದಿ ನನ್ನ ಕೈಯಲ್ಲೇ ಇದೆ. ಡ್ರೋನನ್ನು ಈಗಲೂ ಎಲೆ ಉದುರುವ ಕಾಲದಲ್ಲಿ ಹಾರಿಸುತ್ತೇವೆ, ಇಬ್ಬರೂ ನೋಡುತ್ತೇವೆ, ಆಮೇಲೆ ಇಬ್ಬರೂ ಇಳಿಯುತ್ತೇವೆ. ನನ್ನ ಹೆದರಿಕೆ ಒಂದು ಗುಲಗುಂಜಿಯಷ್ಟೂ ಕಡಿಮೆಯಾಗಿಲ್ಲ.

ಜೀಪಿನಲ್ಲಿ, ಮದುವೆಮನೆಯಲ್ಲಿ, ಹಮೀದನ ಅಂಗಡಿಯಲ್ಲಿ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಅವಳಿಗೆ ಧೈರ್ಯ ತುಂಬಲು ಕೈ ಹಿಡಿದೆ ಎಂದೇ ಹೇಳುತ್ತೇನೆ. ಸುಜಾತ ಪಕ್ಕದಲ್ಲಿದ್ದರೂ ತಿದ್ದುವುದಿಲ್ಲ, ಸುಮ್ಮನೆ ಕೇಳುತ್ತಾಳೆ. ನಾನು ಹಿಡಿದದ್ದು ಓಡದೆ ಇರುವುದಕ್ಕೆ.